ಮಡಚಬೇಡ, ನೆನೆಸಬೇಡ

ಹೇಳಿದ ಕೆಲಸ ಮಾಡದವನು ಬುದ್ಧಿ ಉಪಯೋಗಿಸುವುದಿಲ್ಲ ಎಂದು ಜನ ತಿಳಿದಿದ್ದಾರೆ. ಶುದ್ಧ ತಪ್ಪು. ಸೋಮಾರಿತನಕ್ಕೆ ಬಹಳ ಬುದ್ಧಿ ಖರ್ಚಾಗುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಯಾರಾದರೂ ಒಂದು ಕೆಲಸ ಹೇಳಿದರೆ, ಅದನ್ನು ಮಾಡದಿರುವುದೇ ಸರಿ ಎಂದು ಅವರ ಮಾತಿನಿಂದಲೇ ಸಾಧಿಸಿ ತೋರಿಸುವಷ್ಟು ವಕೀಲಿಕೆ ನನಗೆ ಬಂದಿದೆ. ಈ ವಿದ್ಯೆ ಮನೆಯಲ್ಲಿ ಮಾತ್ರ ನಡೆಯುತ್ತದೆ. ನಾನು ದುಡಿಯುವ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ "ಆ ಪೆಟ್ಟಿಗೆ ಎತ್ತಿ ಈಚೆಗಿಡಪ್ಪ" ಎಂದರೆ, ಎತ್ತಿದ್ದಕ್ಕೇ ಅರ್ಧ ಆಜ್ಞೆ ಮುಗಿಯಿತಲ್ಲ ಎಂದು ಅದನ್ನು ಹೊತ್ತುಕೊಂಡು ನಿಲ್ಲುವುದಿಲ್ಲ. ತೆಪ್ಪಗೆ ಇಡುತ್ತೇನೆ.

ತಂಗಿ ಮಂಜುಳಾ ನನ್ನ ಜೊತೆಯಲ್ಲೇ ಇದ್ದಾಳೆ. ಆರು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾಳೆ. ಅತ್ತಿಬೆಲೆಯ ಒಂದು ಔಷಧಿ ಕಾರ್ಖಾನೆಗೆ ಪರ್ಮನೆಂಟ್ ಕೆಲಸಕ್ಕೆ ಜನ ಬೇಕೆಂದು ತಿಳಿದು, ಮೂರು ಸಂಜೆ ಕೂತು ಅರ್ಜಿ ತುಂಬಿದಳು. ಅದನ್ನು ಕೊಡಬೇಕಾದ ಕೊನೆಯ ದಿನ ಅವಳಿಗೆ ರಜೆ ಸಿಗಲಿಲ್ಲ. ನನಗೆ ವಾರದ ರಜೆ.

"ಅಣ್ಣ, ಐದು ಗಂಟೆಯೊಳಗೆ ಗೇಟಲ್ಲಿ ಕೊಟ್ಬಿಡು. ಮಡಚ್ಬೇಡ, ನೆನೆಸ್ಬೇಡ, ಕಳೀಬೇಡ" ಎಂದು ಹೇಳಿ ಬಸ್ಸಿಗೆ ಓಡಿದಳು.

ಹನ್ನೊಂದಕ್ಕೆ ಹನಿ ಶುರುವಾಯಿತು. ಹಾಸಿಗೆಯಲ್ಲೇ ವಿಚಾರ ಮಾಡಿದೆ. ನೆನೆಸಬಾರದು ಎಂದರೆ ಮಳೆಗೆ ಒಯ್ಯಬಾರದು. ಮಳೆಗೆ ಒಯ್ಯಬಾರದು ಎಂದರೆ ಹೊರಡಬಾರದು. ಹೊರಡಬೇಡ ಎಂದು ತಂಗಿಯೇ ಅಪ್ಪಣೆ ಕೊಟ್ಟಂತಾಯಿತು! ಬಸ್ಸಿನ ನೂಕಾಟದಲ್ಲಿ ಅರ್ಜಿ ಮಡಚಿಹೋಗುವ, ಕಳೆದುಹೋಗುವ ಭಯ ಬೇರೆ. ನಾಲ್ಕು ಮಾತಿನಲ್ಲಿ ಮೂರನ್ನು ಉಳಿಸಲು ಒಂದನ್ನು ಬಿಡುವುದೇ ನ್ಯಾಯ ಎನಿಸಿತು. ಅಂದರೆ ನೂರಕ್ಕೆ ಎಪ್ಪತ್ತೈದು. ಶಾಲೆಯಲ್ಲಿ ಅಷ್ಟು ನಂಬರನ್ನು ನಾನು ಕಂಡವನೇ ಅಲ್ಲ. ಎರಡು ಗಂಟೆಗೆ ಮಳೆ ನಿಂತಾಗ ಮಾತ್ರ ಸ್ವಲ್ಪ ಕಸಿವಿಸಿಯಾಯಿತು. ಮತ್ತೆ ಬರುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದಾರೆ ಎಂದುಕೊಂಡು ಮಗ್ಗುಲು ಬದಲಿಸಿದೆ.

ಸಂಜೆ ಮಂಜುಳಾ ಚಪ್ಪಲಿ ಬಿಡುತ್ತಲೇ ಕೇಳಿದಳು. "ಕೊಟ್ಯಾ ಅಣ್ಣ?"

"ಎಲ್ಲೂ ಮಡಚಿಲ್ಲ ನೋಡು" ಎಂದು ದೇವರ ಗೂಡಿನಿಂದ ಅರ್ಜಿ ತೆಗೆದು ತೋರಿಸಿದೆ.

ಅವಳು ಅರ್ಜಿ ನೋಡಲಿಲ್ಲ, ಗಡಿಯಾರ ನೋಡಿದಳು. ಏಳು ಗಂಟೆ.

"ಮಳೆ ಬಂತಲ್ಲಮ್ಮ. ನೆನೆಸ್ಬೇಡ ಅಂದಿದ್ದೆ."

"ಪಕ್ಕದಲ್ಲೇ ಪ್ಲಾಸ್ಟಿಕ್ ಕವರ್ ಇಟ್ಟಿದ್ನಲ್ಲೋ!"

"ಕವರಿಗೆ ಹಾಕು ಅಂತ ನೀನು ಹೇಳ್ಲಿಲ್ವಲ್ಲ."

"ಉಸಿರಾಡು ಅಂತಾನೂ ಹೇಳಿರ್ಲಿಲ್ಲ ಕಣಣ್ಣ. ಅದನ್ನ ಹೆಂಗೆ ಮಾಡ್ದೆ?"

ಏಳನೇ ಕ್ಲಾಸಿನ ವಕೀಲ ಅರ್ಜಿಯನ್ನು ಮಡಚದೆ ಮತ್ತೆ ದೇವರ ಗೂಡಿನಲ್ಲಿಟ್ಟ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಎರಡೂ ಆಗಲಿಲ್ಲ. ಅನ್ನಕ್ಕಿಟ್ಟಳು. ಮರುದಿನ ಅದೇ ಬಸ್ಸಿಗೆ, ಅದೇ ಕಾಲರ್ ಹೊಲಿಯಲು ಹೊರಡುವ ಮುಂಚೆ ಅರ್ಜಿಯನ್ನು ನನ್ನ ಹಾಸಿಗೆಯ ಎದುರಿನ ಗೋಡೆಗೆ ಅಂಟಿಸಿ, "ತೆಗೀಬೇಡ" ಎಂದಳು.

ನಾಲ್ಕು ತಿಂಗಳಾಯಿತು. ಅವಳ ದುಂಡಗಿನ ಅಕ್ಷರ, ಮೂಲೆಯಲ್ಲಿ ನಗಲೋ ಬೇಡವೋ ಎಂಬಂತಿರುವ ಫೋಟೋ, ಎರಡೂ ದಿನವೂ ನನ್ನನ್ನು ನೋಡುತ್ತಿವೆ. ಈ ಒಂದು ಆಜ್ಞೆಯ ಮೇಲೆ ನಾನು ಯಾವ ವಾದವನ್ನೂ ಹೂಡಿಲ್ಲ, ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ಕೇಳಿದವರಿಗೆ ಪಶ್ಚಾತ್ತಾಪ ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಇದನ್ನು ಪಾಲಿಸಲು ಹಾಸಿಗೆಯಿಂದ ಏಳಬೇಕಾಗಿಲ್ಲ.