ಗಡಿಪಾರಾದವರನ್ನು ಕದಲಿಸುವಂತಿಲ್ಲ

ಲೊಂಬಾರ್ಡಿನ ನಮ್ಮ ಮಂದಿರದಲ್ಲಿ ಒಮ್ಮೆ ಪೂಜೆಗೊಂಡ ವಸ್ತುವನ್ನು ವಿಸರ್ಜನೆಯಾಗದೆ ಕದಲಿಸುವಂತಿಲ್ಲ. ಇದು ಏಳನೇ ನಿಯಮ, ಭಗವಂತನಿಗೂ ಅನ್ವಯಿಸುತ್ತದೆ.

ಡೆಟ್ರಾಯ್ಟಿನ ಕಲಾವಿದೆ ಕ್ಲೋಡೆಟ್ ತೆರಿಯೋ ಅವರಿಗೆ ಇದು ತಿಳಿದಿರಲಿಲ್ಲ, ಪಾಪ. ಅವರ ಪೂರ್ವಿಕರು ಅಕೇಡಿಯನ್ನರು, ಕೆನಡಾದ ಕಡಲತೀರದಲ್ಲಿ ಬೇಸಾಯ ಮಾಡಿಕೊಂಡಿದ್ದ ಫ್ರೆಂಚ್ ಮಾತಿನ ಜನ. 1755ರಲ್ಲಿ ಇಂಗ್ಲಿಷರು ಅವರ ಮನೆಗಳಿಗೆ ಬೆಂಕಿಯಿಟ್ಟು, ಹಡಗು ಹತ್ತಿಸಿ ಓಡಿಸಿದರು. ಆ ಗಡಿಪಾರಿನ ಹನ್ನೊಂದು ಚಿತ್ರಗಳನ್ನು ಕ್ಲೋಡೆಟ್ ಎರಡು ವಾರದ ಮಟ್ಟಿಗೆ ನಮ್ಮ ಸಭಾಂಗಣದ ನಡುವೆ ನಿಲ್ಲಿಸಿದರು. ಆಮೇಲೆ ಊರಿಗೊಯ್ದು, ಇನ್ನೂ ಅವನ್ನು ನೋಡಿರದ ತೊಂಬತ್ತೊಂದರ ತಾಯಿಯ ಕೋಣೆಯಲ್ಲಿ ತೂಗುಹಾಕುವ ಆಸೆ ಅವರಿಗಿತ್ತು.

ಉದ್ಘಾಟನೆಯ ದಿನ ಜಯದೇವಿ ಆಂಟಿ, ಬರೀ ಚಿತ್ರ ಬಣಗುಟ್ಟುತ್ತದೆಂದು ಹನ್ನೊಂದಕ್ಕೂ ಅರಿಶಿನ ಕುಂಕುಮವಿಟ್ಟು ಮಂಗಳಾರತಿ ಎತ್ತಿದರು. ವೀಸಾ ಮುಗಿಯಲು ಒಂಬತ್ತೇ ದಿನ ಉಳಿದಿದ್ದ ವೀರೇಶ್, ಹಡಗಿನ ಚಿತ್ರಕ್ಕೆ ಕೈಮುಗಿದು, "ನಿಮ್ಮನ್ನ ಹಡಗ ಹತ್ತಿಸ್ಯಾರ್ರಿ, ನನ್ನ ವಿಮಾನ ಹತ್ತಿಸಬ್ಯಾಡ್ರಿ" ಎಂದರು. ಸೋಮವಾರ ವೀಸಾ ವಿಸ್ತರಣೆಯಾಯಿತು. ಶನಿವಾರ ಭಕ್ತರ ಸಾಲು ಪಾರ್ಕಿಂಗ್ ಲಾಟ್ ದಾಟಿತ್ತು.

ಸಮಿತಿ ಪ್ರಕಟಣೆ ಹೊರಡಿಸಿತು: "ವೀಸಾ ಭಕ್ತರಿಗೆ ಹನ್ನೊಂದು ಪ್ರದಕ್ಷಿಣೆ, ಗ್ರೀನ್ ಕಾರ್ಡ್ ಭಕ್ತರಿಗೆ ನೂರೆಂಟು. ಸಂಗಾತಿಯ ವೀಸಾದಲ್ಲಿರುವವರು ಸಂಗಾತಿಯ ಹಿಂದೆಯೇ ನಡೆಯತಕ್ಕದ್ದು. ಅವರಿಗೆ ಪ್ರತ್ಯೇಕ ಸಂಕಲ್ಪವಿರುವುದಿಲ್ಲ."

ಎರಡು ವಾರ ಕಳೆದು ಕ್ಲೋಡೆಟ್ ವ್ಯಾನ್ ತಂದರು. ಕಾರ್ಯದರ್ಶಿ ತಿರುಮಲೇಶ ಅಂಕಲ್ ಕಾಫಿ ಕೊಟ್ಟು ಕೂರಿಸಿದರು.

"ತಗೊಂಡ್ಹೋಗಿ ಮೇಡಂ, ಯಾರು ಬೇಡ ಅಂದ್ರು? ವಿಸರ್ಜನೆ ಆಗ್ಲಿ, ಅಷ್ಟೆ."

"ಯಾವಾಗ ಅದು?"

"ಸಂಕಲ್ಪ ಮಾಡ್ಕೊಂಡವರ ಇಷ್ಟಾರ್ಥವೆಲ್ಲಾ ನೆರವೇರಿದ ಮೇಲೆ. ನಾನೂರ ಹನ್ನೆರಡು ಜನ ಇದಾರೆ. ನಮ್ಮವರ ಗ್ರೀನ್ ಕಾರ್ಡ್ ಅಲ್ವಾ, ಒಂದೆಪ್ಪತ್ತು ವರ್ಷ ಅಂತ ಇಟ್ಕೊಳಿ."

"ನನ್ನಮ್ಮನಿಗೆ ತೊಂಬತ್ತೊಂದು."

"ದೇವರು ಆಯಸ್ಸು ಕೊಡ್ತಾನೆ ಬಿಡಿ."

ಆಕೆ ಕಣ್ಣೊರೆಸಿಕೊಂಡಾಗ, ಪಕ್ಕದಲ್ಲೇ ಕೂತಿದ್ದ ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡೆ. "ಚಿತ್ರ ಕೈಸೇರಲಿ ಅಂತ ನೀವೂ ಸಂಕಲ್ಪ ಮಾಡ್ಕೊಳ್ಳಿ ತಾಯಿ" ಎಂದೆ. ಗೋತ್ರ ತಿಳಿಯದ್ದರಿಂದ ಅರ್ಚಕರು ಕಾಶ್ಯಪ ಗೋತ್ರವೆಂದು ಹೇಳಿ, ಕೈಗೆ ಅಕ್ಷತೆ ಕೊಟ್ಟು ಮಾಡಿಸಿಯೇಬಿಟ್ಟರು.

ತಿರುಮಲೇಶ ಅಂಕಲ್ ಹೆಸರು ಬರೆದುಕೊಂಡರು. "ನಾನೂರ ಹದಿಮೂರು. ಇನ್ನು ನಿಮ್ಮ ಇಷ್ಟಾರ್ಥವೂ ನೆರವೇರೋ ತನಕ ವಿಸರ್ಜನೆ ಮಾಡೋ ಹಾಗಿಲ್ಲ."

"ವಿಸರ್ಜನೆ ಆಗದೆ ಅದು ನೆರವೇರೋದು ಹೇಗೆ?"

"ಅದಕ್ಕೇ ಮೇಡಂ, ಭಕ್ತಿ ಬೇಕು ಅನ್ನೋದು."

ಈಗ ಆಕೆ ಪ್ರತಿ ಶನಿವಾರ ತಾಯಿಯನ್ನೂ ಕರೆದುಕೊಂಡು ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ಬರುತ್ತಾರೆ. ಗಾಲಿಕುರ್ಚಿಯಲ್ಲೇ ನೂರೆಂಟು ಪ್ರದಕ್ಷಿಣೆ. ಮೊದಮೊದಲು ಅಜ್ಜಿ, ಉರಿಯುವ ಮನೆಗಳ ಚಿತ್ರದೆದುರು ಒಂದು ಗಳಿಗೆ ನಿಲ್ಲಿಸೆಂದು ಗೋಗರೆಯುತ್ತಿದ್ದರು. ಸಾಲು ನಿಲ್ಲುವಂತಿಲ್ಲವೆಂದು ವೀರೇಶ್ "ನಡೀರಿ, ನಡೀರಿ" ಎನ್ನುತ್ತ ಹಿಂದಿನಿಂದ ಕುರ್ಚಿ ತಳ್ಳುತ್ತಿದ್ದರು. ಭಗವಂತ ದೊಡ್ಡವನು. ಹೋದ ವಾರ ಮುಂದಿದ್ದ ಹೊಸ ದಂಪತಿ ಚಿತ್ರದೆದುರು ತಡೆದು ನಿಂತಾಗ, ಅಜ್ಜಿಯೇ ಊರುಗೋಲಿನಿಂದ ಅವರ ಮೊಣಕಾಲು ತಿವಿದು, "ನಡೀರಿ, ನಡೀರಿ" ಎಂದರು.