ಅತ್ತೆಯ ಸೂಜಿಗೆ ಸಿಕ್ಕ ಪುಟಗಳು

ಪುಸ್ತಕ ನಿಷೇಧಿಸಲು ಸರ್ಕಾರಗಳಿಗೆ ಕಾನೂನು ಬೇಕು, ಪೊಲೀಸರು ಬೇಕು, ಬಂದರಿನಲ್ಲಿ ಗಂಟುಮೂಟೆ ಬಿಚ್ಚಿ ನೋಡುವ ಅಧಿಕಾರಿಗಳು ಬೇಕು. ನಮ್ಮ ಸೋದರತ್ತೆಗೆ ಒಂದು ಸೂಜಿ, ಒಂದು ಮೊಳ ದಾರ ಸಾಕಾಗಿತ್ತು!

ಮಾವನಿಗೆ ಹೈದರಾಬಾದಿನ ಲಿಂಗಂಪಲ್ಲಿ ಹತ್ತಿರ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. ಅವರ ಕಾಲೊನಿಯ ಕನ್ನಡ ಸಂಘಕ್ಕೊಂದು ಗ್ರಂಥಾಲಯವಿತ್ತು. ಗ್ರಂಥಾಲಯವೆಂದರೆ ಎರಡು ಬೀರು, ಒಂದು ಬೆಂಚು. ಅದರ ಬೀಗದ ಕೈ ಅತ್ತೆಯ ಸೊಂಟಕ್ಕೆ ಬಂದ ದಿನವೇ ಕನ್ನಡ ಸಾಹಿತ್ಯಕ್ಕೆ ಗ್ರಹಚಾರ ಹಿಡಿಯಿತು.

ಹಿಂದಿನ ಅರಸರು ಪುಸ್ತಕ ಸುಟ್ಟರು, ಬ್ರಿಟಿಷರು ಜಪ್ತಿ ಮಾಡಿದರು. ಅತ್ತೆ ಅಷ್ಟು ಕ್ರೂರಿಯಲ್ಲ. ಪುಸ್ತಕ ಪೂರ್ತಿ ಓದಿ, ತಮಗೆ ಸರಿಕಾಣದ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದುಬಿಡುತ್ತಿದ್ದರು, ಅಷ್ಟೆ. ಬಸಿರಿ-ಬಾಣಂತಿಯರ ಆರೈಕೆಯ ಪುಸ್ತಕವೊಂದರಲ್ಲಿ ಅಂಟಿನುಂಡೆ ಮಾಡುವ ಪುಟ ಬಿಟ್ಟು ಉಳಿದದ್ದೆಲ್ಲ ಹೊಲಿಗೆಗೆ ಹೋಗಿತ್ತು!

"ಎಲ್ಲಾ ಓದೇ ಹೊಲೀತಿಯಲ್ಲ, ನೀ ಕೆಡೂದಿಲ್ಲೇನು?" ಎಂದು ಮಾವ ಕೆಣಕುವರು.

"ನಾ ಗಟ್ಟಿ ಇದ್ದೀನ್ರಿ. ಮಂದಿ ಹಂಗಿರೂದಿಲ್ಲ!"

ಜಗತ್ತಿನ ಯಾವ ಸೆನ್ಸಾರ್ ಅಧಿಕಾರಿ ಇದಕ್ಕಿಂತ ಬೇರೆ ಮಾತು ಆಡಿದ್ದಾನು, ನೀವೇ ಹೇಳಿ?

ಆಗ ಹತ್ತಿರದ ಗಚ್ಚಿಬೌಲಿಯಲ್ಲಿ ಬೆಳಗಾದರೆ ಐಟಿ ಕಂಪನಿಯದೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರು, ಊರಲ್ಲಿ ಕನ್ನಡ ಪುಸ್ತಕ ಮೂಸಿಯೂ ನೋಡದವರು, ಭಾನುವಾರ ಬೈಕ್ ಏರಿ ಬಂದು ಸಾಲು ಹಚ್ಚತೊಡಗಿದರು.

"ಆಂಟಿ, ಹೊಲದದ್ದು ಹೊಸಾದು ಯಾವುದರೆ ಬಂದೈತೇನ್ರಿ?"

ಹಾಳೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಸಂದಿಯಿಂದ ಓದುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಅತ್ತೆಗೆ ಅದೆಲ್ಲಿ ಗೊತ್ತು? "ಹೈದರಾಬಾದಿನಾಗ ಕನ್ನಡಾ ಉಳಿಸಿದವರು ಯಾರು ಹೇಳ್ರಿ!" ಎಂದು ಬೀಗುತ್ತಿದ್ದರು. ಸುಳ್ಳೇನಲ್ಲ ಬಿಡಿ.

ಒಂದು ಭಾನುವಾರ ನೋಡಿದರೆ, ಎಲ್ಲ ಪುಸ್ತಕಗಳ ಹೊಲಿಗೆಯೂ ಬಿಚ್ಚಿದೆ! ಹುಡುಗರು ಕಂಗಾಲು.

"ಯಾವ ಪುಟಾ ಓದಬೇಕಂತ ಈಗ ಹೆಂಗ ತಿಳೀಬೇಕ್ರಿ, ಆಂಟಿ?"

"ಮೊದಲನೇ ಪುಟದಿಂದ ಓದ್ರೋ!"

ನಿಷೇಧ ತೆರವಾದದ್ದು ಹೋರಾಟದಿಂದಲ್ಲ, ಕೋರ್ಟಿನಿಂದಲೂ ಅಲ್ಲ. ನನಗೆ ಗೊತ್ತು, ನಾನಲ್ಲೇ ಇದ್ದೆ.

ಹಿಂದಿನ ವಾರ ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ಕಣ್ಣು ಮೊದಲೇ ಮಂದ, ಇನ್ನೊಂದಕ್ಕೆ ಪಟ್ಟಿ. ನೋಡಲು ಹೋದಾಗ ಅತ್ತೆ ಮಂಚದ ಬದಿ ಕುರ್ಚಿ ಹಾಕಿಕೊಂಡು ಕೂತು ಅವರಿಗೊಂದು ಕಾದಂಬರಿ ಓದಿ ಹೇಳುತ್ತಿದ್ದರು.

"ತಡೀ," ಎಂದರು ಮಾವ. "ಈಗಷ್ಟ ಹೆಂಡತಿಗೆ ಜ್ವರಾ ಬಂದಿತ್ತು. ಅಷ್ಟರಾಗ ಮಗಳ ಮದುವಿ ನಡದೈತಿ. ನಡುವ ಏನಾತು?"

"ಏನಿಲ್ಲ. ಹೊಲದೀನಿ."

"ಬಿಚ್ಚು. ನನಗಂತೂ ಕಾಣಂಗಿಲ್ಲ. ನೀನ ಓದಬೇಕು."

ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಸೂಜಿಯ ಮೊನೆಯಿಂದ ದಾರ ಎಬ್ಬಿಸಿ ಹರಿದರು. ಅಲ್ಲಿದ್ದದ್ದು ಇಷ್ಟೇ: ಜ್ವರದಿಂದ ಎದ್ದ ಹೆಂಡತಿಯನ್ನು ಗಂಡ ಎದೆಗೆ ಒರಗಿಸಿಕೊಂಡು, ಸಿಕ್ಕುಗಟ್ಟಿದ ಅವಳ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಾನೆ. ಗಟ್ಟಿಯಾಗಿ ಶುರುಮಾಡಿದ ಅತ್ತೆಯ ದನಿ ಪುಟ ಮುಗಿಯುವಷ್ಟರಲ್ಲಿ ಪಿಸುಮಾತಾಗಿತ್ತು.

"ಇಷ್ಟ ಐತಿ ನೋಡ್ರಿ," ಎಂದರು. "ಇದನ್ಯಾಕ ಹೊಲದೆ ನಾ?"

ಮಾವ ಗಾಳಿಯಲ್ಲಿ ತಡಕಾಡಿ ಅತ್ತೆಯ ತಲೆ ಮುಟ್ಟಿದರು.

"ಎಣ್ಣಿ ಕಂಡು ಎಷ್ಟ ದಿನಾ ಆತು ಈ ಕೂದಲಾ? ನನ್ನ ಗದ್ದಲದಾಗ ನಿನ್ನ ನೀ ಮರತಿ."

ಅತ್ತೆ ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡರು.