ತಾನಾಗಿಯೇ ಶುರುವಾಗುವ ವರ

ನಮ್ಮ ಕಡೆ ಯಾವುದೂ ತಾನಾಗಿಯೇ ಶುರುವಾಗುವುದಿಲ್ಲ. ತಾಟು ಮುಂದಿಟ್ಟು, ಬಿಸಿ ರೊಟ್ಟಿ ಬಡಿಸಿ, ಚಟ್ನಿಪುಡಿಗೆ ಎಣ್ಣೆ ಹಾಕಿದ ಮೇಲೂ ಯಾರೂ ಕೈ ಹಚ್ಚುವುದಿಲ್ಲ. ಹಿರಿಯರು "ಹೂಂ, ಶುರು ಮಾಡ್ರಿ" ಅನ್ನಬೇಕು. ಹಿರಿಯರೋ ಬಾಜೂಕ ಕೂತವರ ಮುಖ ನೋಡಿ "ನೀವು ಮಾಡ್ರಿ" ಅನ್ನುತ್ತಾರೆ, ಅವರು "ಏ ಇಲ್ರಿ, ಮೊದಲ ನೀವು" ಅನ್ನುತ್ತಾರೆ. ಅಷ್ಟರಲ್ಲಿ ರೊಟ್ಟಿ ಆರಿ ಸೆಟೆದಿರುತ್ತದೆ. ಈ ಮರ್ಯಾದೆಯ ಬಗ್ಗೆ ನನಗೆ ತುಂಬ ಗೌರವವಿದೆ, ಪಾಲಿಸಲು ಮಾತ್ರ ಆಗಿಲ್ಲ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಮಾತು ಅರ್ಧ ದಾರಿ ಮುಟ್ಟಿರುತ್ತದೆ. ನನ್ನ ಹೆಂಡತಿ ಸುಮಂಗಲಾ ಇದನ್ನು ಬ್ಯಾನಿ ಎನ್ನುತ್ತಾಳೆ, ನಾನು ಸ್ವಭಾವ ಎನ್ನುತ್ತೇನೆ. ಅವಳ ತಮ್ಮ ಬಸವರಾಜ ಏನೂ ಅನ್ನುವುದಿಲ್ಲ. ಏನೂ ಅನ್ನದಿರುವುದೇ ಅವನ ಕಷ್ಟವಾಗಿತ್ತು.

ಬಸು ಗುಂಜಿಯ ಕಡೆಯವನು. ದಿನಾ ಸಂಜೆ ಸಾಲೆ ಬಿಟ್ಟ ಕೂಡಲೇ ಕಾಡಂಚಿಗೆ ಎಮ್ಮೆ ಹೊಡೆದುಕೊಂಡು ಹೋಗಿ ಬೆಳೆದವನು. ಎಮ್ಮೆಗಳ ಸಂಗಡ ಇರುವವರಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ, ನಾಲಿಗೆಯಿಂದ ಒಂದು ಸದ್ದು ಮಾಡಿದರೆ ಅವು ತಿರುಗುತ್ತವೆ. ಮನುಷ್ಯರು ತಿರುಗುವುದಿಲ್ಲ. ಡಿಪ್ಲೊಮಾ ಮುಗಿಸಿದ ಮೇಲೆ ಅವನಿಗೆ ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ, ನಾನು ಆಫೀಸಿನಲ್ಲಿದ್ದ ಫೌಂಡ್ರಿಯಲ್ಲೇ ಕೆಲಸ ಸಿಕ್ಕಿತು. ಎರಕ ಹೊಯ್ದು ಬಂದ ಮಾಲನ್ನು ತಪಾಸಣೆ ಮಾಡಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವ ಕೆಲಸ. ರಾಮತೀರ್ಥ ನಗರದ ನಮ್ಮ ಮನೆಯಲ್ಲೇ ಇದ್ದ. ವಯಸ್ಸು ಮೂವತ್ತು ದಾಟಿತು. ಕನ್ಯೆ ನೋಡಲು ಹೋದಲ್ಲೆಲ್ಲ ಮಾತುಕತೆ ಒಂದೇ ನಮೂನೆ ನಡೆಯುತ್ತಿತ್ತು.

"ಏನ್ ಕೆಲಸಾರೀ?" "ಫೌಂಡ್ರಿರಿ." "ಅಲ್ಲೇನ್ ಮಾಡ್ತೀರಿ?" "ನೋಡ್ತೀನ್ರಿ." "ಏನ್ ನೋಡ್ತೀರಿ?" "ತೂತ್ರಿ."

ಇಂಥ ಹೊತ್ತಿನಲ್ಲಿ ನಾನು ಸುಮ್ಮನೆ ಕೂರುವವನೇ? ನಡುವೆ ಬಾಯಿ ಹಾಕಿ, ತೂತೆಂದರೇನು, ಅದನ್ನು ನೋಡುವುದು ಎಂಥ ಜವಾಬ್ದಾರಿ ಎಂದು ಶುರು ಮಾಡಿ, ಉಪ್ಪಿಟ್ಟು ಮುಗಿಯುವ ತನಕ ಸಂಭಾಳಿಸುತ್ತಿದ್ದೆ. ಆದರೂ ಒಂದು ಮನೆಯವರು ಕುಂಡಲಿ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ನಾವು ಕುಂಡಲಿ ಕೊಟ್ಟೇ ಇರಲಿಲ್ಲ.

ಆಮೇಲೆ ಖಾನಾಪುರದ ರೇಣುಕಾಳ ಫೋಟೋ ಬಂತು. ಊರಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಹುಡುಗಿ. ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ ಅಕ್ಷರ ಜೋಡಿಸಿ ಕೊಡುತ್ತಿದ್ದಳು. ಬಸು ಫೋಟೋ ನೋಡಿ ಹಿಂದೆ ಕೊಡಲಿಲ್ಲ. ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮೂರ್ನಾಲ್ಕು ದಿನ ಓಡಾಡಿ, ಕೊನೆಗೆ ನನ್ನ ಹತ್ತಿರ ಬಂದು ನಿಂತ. "ಮಾಮಾ, ಈ ಸಲ ತಪ್ಪಬಾರದು ನೋಡ್ರಿ" ಎಂದ. ಅವನ ಲೆಕ್ಕಕ್ಕೆ ಇದು ದೊಡ್ಡ ಭಾಷಣ. ಹುಡುಗ ಆಸೆ ಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪೆನ್ ಡ್ರೈವ್ ನಮ್ಮ ಊರಿಗೆ ಹೊಸದಾಗಿ ಬಂದ ಕಾಲ ಅದು. ಬೆರಳಿನಷ್ಟಿದ್ದ ಅದನ್ನು ನಾನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದೆ. ನಮ್ಮ ಫೌಂಡ್ರಿಯ ಮಾಲಕರಿಗೆ ಗಿರಾಕಿಗಳ ಮುಂದೆ ಮೌಸ್ ಹಿಡಿದರೆ ಬೆವರು ಬರುತ್ತಿತ್ತು. ಬಾಣ ತೆರೆಯ ತುಂಬ ಓಡಾಡಿ ಬೇಡದ ಕಡೆ ಹೋಗಿ ಒತ್ತಿಬಿಡುತ್ತಿತ್ತು. ಅವರಿಗಾಗಿ ನಾನೊಂದು ಉಪಾಯ ಕಲಿತಿದ್ದೆ. ಪೆನ್ ಡ್ರೈವಿನೊಳಗೆ ಒಂದು ಚಿಕ್ಕ ಚೀಟಿಯಂಥ ಫೈಲು ಮಾಡಿ, ಅದರಲ್ಲಿ ಇಂಥ ಹೆಸರಿನ ಸ್ಲೈಡುಗಳನ್ನು ತೋರಿಸು ಎಂದು ಒಂದು ಸಾಲು ಬರೆದಿಡಬೇಕು. ಚುಚ್ಚಿದ ಕೂಡಲೇ ಒಂದು ಸಣ್ಣ ಕಿಟಕಿ ತೆರೆದು "ಶುರು ಮಾಡಲೇ?" ಎಂದು ಕೇಳುತ್ತದೆ, ಹೂಂ ಎಂದು ಒಂದು ಗುಂಡಿ ಒತ್ತಿದರೆ ಮುಗಿಯಿತು, ಸ್ಲೈಡುಗಳು ಒಂದರ ಹಿಂದೊಂದು ತಾವೇ ಬರುತ್ತವೆ. ಸೀಡಿಯಾದರೆ ಇಷ್ಟೂ ಕೇಳುವುದಿಲ್ಲ, ಒಳಗೆ ಬಂದವನೇ ಶುರು ಮಾಡುತ್ತಾನೆ. ಪೆನ್ ಡ್ರೈವಿಗೆ ನಮ್ಮ ಕಡೆಯ ಸಂಸ್ಕಾರ ಸ್ವಲ್ಪ ಇದೆ.

ಬಸುವಿಗೆ ಮಾತು ಬರದಿದ್ದರೇನು, ಸ್ಲೈಡು ಮಾತಾಡಲಿ ಎಂದು ತೀರ್ಮಾನಿಸಿದೆ. ಅವನನ್ನು ಗುಲಾಬಿ ಗಿಡದ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ಎಡಗಡೆಯಿಂದ ಅಕ್ಷರಗಳು ಹಾರಿ ಬಂದು "ಸದ್ಗುಣಿ", "ಮಿತಭಾಷಿ" ಎಂದು ಕೂರುವಂತೆ ಮಾಡಿದೆ. ಕುಟುಂಬದ ಪರಿಚಯವೂ ಬೇಕಲ್ಲ ಎಂದು ನನ್ನದೂ ಕೆಲವು ಫೋಟೋ ಸೇರಿಸಿದೆ. ಸುಮಂಗಲಾ ನೋಡಿ, "ಲಗ್ನ ಅವನದೋ ನಿಮ್ಮದೋ? ಅರ್ಧಕ್ಕರ್ಧ ನೀವ ಅದೀರಿ" ಎಂದಳು. ಕಲೆಯ ವಿಷಯದಲ್ಲಿ ಮನೆಯವರ ಮಾತು ಕೇಳಬಾರದು. ಶುಕ್ರವಾರ ಮನೆಯಲ್ಲಿ ಚುಚ್ಚಿ ನೋಡಿದೆ, ಅದ್ಭುತವಾಗಿ ಓಡಿತು. ಶನಿವಾರ ಮಾಲಕರ ತಿಂಗಳ ಮೀಟಿಂಗ್ ಇತ್ತು. ಚೀಟಿಯ ಆ ಸಾಲಿನಲ್ಲಿ ಬಸುವಿನ ಹೆಸರು ಅಳಿಸಿ ಫೌಂಡ್ರಿಯ ಸ್ಲೈಡುಗಳ ಹೆಸರು ಬರೆದೆ, ಮೀಟಿಂಗ್ ಚೆನ್ನಾಗಿ ಆಯಿತು. ಭಾನುವಾರ ನಾವು ಮೂವರೂ ಖಾನಾಪುರದ ಬಸ್ಸು ಹತ್ತಿದೆವು.

ರೇಣುಕಾಳ ತಂದೆ ಕಲ್ಲಪ್ಪನವರು "ಬರ್ರಿ, ಕುಂದರ್ರಿ" ಎಂದು ಕರೆದರು. ಮೂಲೆಯಲ್ಲಿ ಅಜ್ಜಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು. ನಾನು ಪ್ರಸ್ತಾವನೆ ಮುಗಿಸಿ, ಕೊರಳಿನಿಂದ ಪೆನ್ ಡ್ರೈವ್ ತೆಗೆದು, ಕಂಪ್ಯೂಟರ್ ಮುಂದೆ ಕೂತಿದ್ದ ರೇಣುಕಾಳ ಕೈಗೆ ಕೊಟ್ಟು, "ಹೂಂ ಅಂತ ಒತ್ತವಾ, ಸಾಕು. ಮುಂದ ಎಲ್ಲಾ ತಾನ ಆಗತೈತಿ" ಎಂದೆ. ಅವಳು ಒತ್ತಿದಳು.

ತೆರೆಯ ಮೇಲೆ ಗುಲಾಬಿ ಗಿಡ ಬರಲಿಲ್ಲ. ದಪ್ಪ ಕೆಂಪು ಅಕ್ಷರಗಳು ಎಡಗಡೆಯಿಂದ ಹಾರಿ ಬಂದವು. ಕಲ್ಲಪ್ಪನವರು ಒಂದೊಂದೇ ಕೂಡಿಸಿ "ರಿ...ಜೆಕ್...ಶನ್" ಎಂದು ಓದಿ, "ಅಂದ್ರ, ಇಲ್ಲೀಮಟಾ ಬ್ಯಾಡ ಅಂದವರ ಯಾದೀನೇನ್ರಿ?" ಎಂದರು. ಅದರ ಹಿಂದೆಯೇ ತೆರೆ ತುಂಬ ಒಂದು ದೊಡ್ಡ ಕರಿಯ ತೂತು ಬಂತು. ಅಜ್ಜಿ ಮುಂದೆ ಬಗ್ಗಿ, "ಹುಡುಗನ ಫೋಟೋ ಏನ ಇದು?" ಎಂದು ಕೇಳಿದರು.

ಮೀಟಿಂಗ್ ಮುಗಿದ ಮೇಲೆ ಚೀಟಿಯಲ್ಲಿ ಬಸುವಿನ ಹೆಸರು ತಿರುಗಿ ಬರೆಯುವುದನ್ನೇ ನಾನು ಮರೆತಿದ್ದೆ, ಓಡುತ್ತಿದ್ದದ್ದು ಫೌಂಡ್ರಿಯ ಕೆಟ್ಟ ಮಾಲಿನ ಸ್ಲೈಡುಗಳು. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಮಾತು ಹೊರಡಲಿಲ್ಲ. ಸುಮಂಗಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾಲಕರು ತಪ್ಪಿ ಏನಾದರೂ ಒತ್ತಿದರೂ ನಿಲ್ಲಬಾರದೆಂದು ನಾನೇ ಬಿಗಿ ಮಾಡಿಟ್ಟ ಪ್ರದರ್ಶನ, ನಿಲ್ಲಿಸಲು ಒಂದೇ ಗುಂಡಿ. ಅದು ರೇಣುಕಾಳಿಗೆ ಗೊತ್ತಿತ್ತು, ಅವಳ ಬೆರಳು ಅದರ ಮೇಲೇ ಹೋಗಿ ಕೂತಿತು. ಬಸುವಿನ ಲಗ್ನ ಇಲ್ಲಿಗೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ಅದು ಬ್ಲೋ ಹೋಲ್ ರಿ, ಆಯಿ."

ಕಣ್ಣು ತೆರೆದೆ. ಮಾತಾಡಿದ್ದು ಬಸು. ಎದ್ದು ಹೋಗಿ ತೆರೆಯ ಬಾಜೂಕ ನಿಂತಿದ್ದ. "ಕಾದ ಕಬ್ಬಿಣ ಹೊಯ್ದಾಗ ಅಚ್ಚಿನಾಗ ಗಾಳಿ ಏಳತೈತ್ರಿ. ಅದು ಹೊರಗ ಹೋಗಾಕ ಮೊದಲ ದಾರಿ ಬಿಟ್ಟಿರಬೇಕು. ಬಿಡ್ಲಿಲ್ಲಂದ್ರ ಒಳಗ ಸಿಕ್ಕೊಂಡು ಹಿಂಗ ತೂತ ಮಾಡತೈತಿ."

ಮುಂದಿನ ಸ್ಲೈಡಿನಲ್ಲಿ ಬಿರುಕು ಬಂತು. ಅದು ಕಾದ ಎರಕವನ್ನು ಅವಸರದಲ್ಲಿ ಆರಿಸಿದ್ದಕ್ಕೆ ಬಿಟ್ಟದ್ದು ಎಂದ. ಅದರ ಮುಂದಿನದರಲ್ಲಿ ಮರಳು ಸೇರಿಕೊಂಡಿತ್ತು. ಒಂದೊಂದರ ಮುಂದೆಯೂ, ಆಸ್ಪತ್ರೆಯಲ್ಲಿ ಮಲಗಿದ ನಂಟರ ಬಗ್ಗೆ ಹೇಳುವಂತೆ, ಅಯ್ಯೋ ಪಾಪ ಎನ್ನುವ ದನಿಯಲ್ಲಿ ಹೇಳುತ್ತ ಹೋದ. ನನಗೆ ಜೀವ ಬಂದು, ಇದು ತಪ್ಪಿ ಬಂದದ್ದೆಂದು ವಿವರಿಸಲು ಎದ್ದೆ. "ಇರ್ಲಿ ಬಿಡ್ರಿ ಕಾಕಾ, ಕುಂದರ್ರಿ" ಎಂದಳು ರೇಣುಕಾ. ಅವಳ ಬೆರಳು ಗುಂಡಿಯಿಂದ ಯಾವಾಗಲೋ ಸರಿದಿತ್ತು. ನಾನು ಕೂತೆ.

"ಒಳಗಿನ ತೂತ ಹೊರಗ ಕಾಣಸ್ತೈತೇನ್ರಿ?" ಎಂದು ಅವಳು ಬಸುವಿಗೆ ಕೇಳಿದಳು.

"ಇಲ್ರಿ. ಮ್ಯಾಲೆ ಚಂದನ ಇರತೈತಿ. ಸಣ್ಣ ಸುತ್ತಿಗಿಲೆ ಬಡದ, ಸುಮ್ನ ನಿಂತ ಕೇಳಬೇಕ್ರಿ. ಸದ್ದಿನ್ಯಾಗ ಗೊತ್ತಾಗತೈತಿ."

"ಹಂಗಾರ ನಿಮ್ಮನ್ನ ಇಲ್ಲೀಮಟಾ ಯಾರೂ ಬಡದ ನೋಡಿಲ್ಲ ಅನಸ್ತೈತಿ."

ಅಜ್ಜಿ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕೆವು. ಬಸು ಕಿವಿಯ ತನಕ ಕೆಂಪಾದ, ಆದರೆ ತಲೆ ತಗ್ಗಿಸಲಿಲ್ಲ. ಹೊರಡುವಾಗ ಕಲ್ಲಪ್ಪನವರು "ಬರೂ ಐತವಾರ ನಾವ ನಿಮ್ಮ ಮನಿಗಿ ಬರ್ತೀವ್ರಿ, ದಿನಾ ಗೊತ್ತ ಮಾಡೂಣು" ಎಂದರು. ರೇಣುಕಾ ಪೆನ್ ಡ್ರೈವನ್ನು ನನಗೆ ಕೊಡದೆ ಬಸುವಿನ ಕೈಗೆ ಕೊಟ್ಟಳು. ಗುಲಾಬಿ ಗಿಡದ ಸ್ಲೈಡುಗಳನ್ನು ಆ ಮನೆಯಲ್ಲಿ ಯಾರೂ ನೋಡಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಖುಷಿಯೋ ಖುಷಿ. ತಪ್ಪು ಸ್ಲೈಡು ಹಾಕಿದ್ದು ದೇವರ ಆಟ ಎಂದೆ. ಸುಮಂಗಲಾ ತಲೆಯಾಡಿಸಿದಳು. "ಸ್ಲೈಡಿಂದ ಅಲ್ರಿ ಆಗಿದ್ದು. ಇವತ್ತ ನಿಮಗ ಬಾಯಿ ಕಟ್ಟಿತ್ತು. ನನ್ನ ತಮ್ಮಗ ಮಾತ ಬರೂದಿಲ್ಲ ಅಂತ ನಾನೂ ತಿಳಕೊಂಡಿದ್ದೆ. ಅವಗ ದಾರೀನ ಬಿಟ್ಟಿದ್ದಿಲ್ಲ ನಾವು."

ನಾನು ಬಸುವಿನ ಕಡೆ ನೋಡಿದೆ. ಅವನು ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ಆದರೆ ಸುಮಂಗಲಾಳ ಈ ಆರೋಪಕ್ಕೆ ನನ್ನ ಹತ್ತಿರ ಸರಿಯಾದ ಉತ್ತರವಿತ್ತು, ಅದಕ್ಕೆ ಕಾರಣಗಳಿದ್ದವು, ಒಂದೆರಡು ಉದಾಹರಣೆಗಳೂ ಇದ್ದವು. ಉದ್ಯಮಬಾಗದ ಚಿಮಣಿಗಳು ಕಾಣುವ ತನಕ ಹೇಳುತ್ತಲೇ ಇದ್ದೆ. ಬಸು ಬಾಯಿ ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.